ಕನ್ನಡಿಯ ಮುಂದೆ ಕೂತ ಮುದುಕರು

ವಯಸ್ಸಾಗುತ್ತಾ ಹೋದಂತೆ ನಾವೆಲ್ಲ ಕನ್ನಡಿಯ ಜೊತೆ ಒಂದು ಒಳ ಒಪ್ಪಂದ ಮಾಡಿಕೊಂಡಿರುತ್ತೇವೆ. ಬೈತಲೆ ನೆಟ್ಟಗಿದೆಯೇ, ಗಡ್ಡ ಎಲ್ಲಾದರೂ ಉಳಿದಿದೆಯೇ ಎಂದಷ್ಟೇ ನೋಡುವುದು, ಪೂರ್ತಿ ಮುಖದ ಗೊಡವೆಗೆ ಹೋಗದಿರುವುದು. ತನ್ನ ಚಿತ್ರ ತಾನೇ ಬರೆದುಕೊಳ್ಳಲು ಕೂತ ಮುದಿ ಕಲಾವಿದನಿಗೆ ಈ ಸೌಲಭ್ಯ ಇಲ್ಲ. ಕಣ್ಣಿನ ಕೆಳಗಿನ ಊತವನ್ನು, ಜೋತುಬಿದ್ದ ಗಲ್ಲವನ್ನು ಆತ ಗಂಟೆಗಟ್ಟಲೆ ದಿಟ್ಟಿಸಬೇಕು. ಸಾಲದ್ದಕ್ಕೆ, ಅದಕ್ಕೆ ಒಪ್ಪುವ ಬಣ್ಣವನ್ನೂ ಕಲೆಸಬೇಕು.

ಹದಿನೇಳನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್ ಇದನ್ನು ಸುಮಾರು ನಲವತ್ತು ವರ್ಷ ಮಾಡಿದ. 63ರ ವಯಸ್ಸಿನಲ್ಲಿ ಬರೆದುಕೊಂಡ ಒಂದು ಆತ್ಮಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಸವಿ 1669. ಅದೇ ವರ್ಷದ ಅಕ್ಟೋಬರಿನಲ್ಲಿ ಆತ ತೀರಿಕೊಂಡ. ಅಷ್ಟರಲ್ಲಿ ದಿವಾಳಿಯಾಗಿದ್ದ, ಸಂಗಾತಿ ಹೆಂಡ್ರಿಕ್ಯೆ 1663ರಲ್ಲಿ ಹೋಗಿದ್ದಳು, ಮಗ ಟೈಟಸ್ 1668ರಲ್ಲಿ. ಇಷ್ಟು ತಿಳಿದ ಮೇಲೆ ಆ ಮುಖದಲ್ಲಿ ಸಾವು ಕಾಣಿಸದೆ ಇರುತ್ತದೆಯೇ? ನನಗೆ ಮಾತ್ರ ಅದನ್ನು ಅಲ್ಲಿ ತಂದಿಟ್ಟವರು ನಾವೇ ಎಂಬ ಗುಮಾನಿ. ತಾನು ಅಕ್ಟೋಬರ್ ದಾಟುವುದಿಲ್ಲ ಎಂದು ಆತನಿಗೇನು ಗೊತ್ತು?

ಆ ಚಿತ್ರದ ಎಕ್ಸ್-ರೇ ತೆಗೆದಾಗ ಒಂದು ಸಂಗತಿ ಹೊರಬಿತ್ತು. ಮೊದಲು ಕೈಯಲ್ಲಿ ಕುಂಚ ಇತ್ತಂತೆ. ಆಮೇಲೆ ಅದನ್ನು ಮುಚ್ಚಿ, ಎರಡೂ ಕೈ ಸುಮ್ಮನೆ ಜೋಡಿಸಿಕೊಂಡಂತೆ ತಿದ್ದಿದ್ದಾನೆ. ದೊಡ್ಡದಾಗಿದ್ದ ಟೋಪಿಯನ್ನೂ ಚಿಕ್ಕದು ಮಾಡಿದ್ದಾನೆ. ಅಯ್ಯೋ, ಮುದುಕ ಕುಂಚ ಕೆಳಗಿಟ್ಟುಬಿಟ್ಟ ಎಂದು ಗಂಟಲು ಕಟ್ಟಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಆದರೆ ಚಿತ್ರದ ಕುಂಚವನ್ನು ಅಳಿಸಲಿಕ್ಕೂ ಕೈಯಲ್ಲೊಂದು ಕುಂಚ ಬೇಕಲ್ಲ! ಸಾಯುವ ವರ್ಷವೂ ಈ ಪುಣ್ಯಾತ್ಮನಿಗೆ ಟೋಪಿಯ ಅಳತೆ ಸರಿಬಂದಿರಲಿಲ್ಲ.

ನಾರ್ವೆಯ ಕಲಾವಿದ ಮುಂಕ್ ಹಾಗಲ್ಲ, ಸಾವು ಹತ್ತಿರವಿದೆ ಎಂದು ಗೊತ್ತಿದ್ದೇ ಬರೆದವನು. 1940ರಿಂದ 43ರ ನಡುವಿನ ಆತ್ಮಚಿತ್ರದಲ್ಲಿ ಒಂದು ಪಕ್ಕ ಮುಳ್ಳಿಲ್ಲದ ಗಡಿಯಾರ, ಇನ್ನೊಂದು ಪಕ್ಕ ಹಾಸಿಗೆ, ನಡುವೆ ತಾನು. ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ ಎಂಬುದನ್ನು ಇಷ್ಟು ಬಿಡಿಸಿ ಹೇಳಬೇಕಿತ್ತೇ ಅನ್ನಿಸುತ್ತದೆ. ಆದರೂ ಆ ಹಾಸಿಗೆಯ ಹೊದಿಕೆ ನೋಡಿ: ಕೆಂಪು, ಕಪ್ಪು ಗೀರುಗಳು. ಎಂಬತ್ತರ ಹೊಸ್ತಿಲಲ್ಲಿದ್ದವನು ಎಷ್ಟು ಹುರುಪಿನಿಂದ ಗೀಚಿದ್ದಾನೆ!

ಈ ಚಿತ್ರಗಳಲ್ಲಿ ಸಾವಿಗಿಂತ ಬರೆಯುವ ಹುರುಪೇ ಹೆಚ್ಚು ಎಂಬ ನನ್ನ ವಾದ ಮುಗ್ಗರಿಸುವುದು ಫಿನ್ಲೆಂಡಿನ ಹೆಲೆನ್ ಶೆರ್ಫ್‌ಬೆಕ್ ಮುಂದೆ. 1946ರಲ್ಲಿ, 83ರ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ ಸ್ವೀಡನ್ನಿನಲ್ಲಿದ್ದ ಆಕೆ ತನ್ನನ್ನು ಮತ್ತೆ ಮತ್ತೆ ಬರೆದುಕೊಂಡರು. ಆ ಸಾಲಿನ ಚಿತ್ರಗಳಲ್ಲಿ ಮುಖ ಸವೆಯುತ್ತಾ ಹೋಗುತ್ತದೆ. ಕೊನೆಕೊನೆಗೆ ಬುರುಡೆ, ಎರಡು ಗುಳಿ, ಬಾಯಿದ್ದ ಜಾಗದಲ್ಲೊಂದು ಕಪ್ಪು. ಇಲ್ಲಿ ಹುರುಪು ಹುಡುಕಿದರೆ ಸುಳ್ಳಾದೀತು. ಭಯ ಇದೆ. ಆದರೆ ಬರಿಯ ಭಯವೇ ಆಗಿದ್ದರೆ ಒಂದು ಚಿತ್ರಕ್ಕೆ ಸಾಕಾಗಿ ಕನ್ನಡಿ ಗೋಡೆಗೆ ತಿರುಗುತ್ತಿತ್ತು. ಮರಳಿ ಕೂರಿಸುತ್ತಿದ್ದದ್ದು ಬೇರೇನೋ ಇರಬೇಕು.

ಇನ್ನು ಅಮೆರಿಕದ ಆಲಿಸ್ ನೀಲ್. 1980ರಲ್ಲಿ ಮುಗಿಸಿದ ಆತ್ಮಚಿತ್ರದಲ್ಲಿ ಈ 80ರ ಅಜ್ಜಿ ಪಟ್ಟೆಪಟ್ಟೆಯ ಕುರ್ಚಿಯಲ್ಲಿ ಕನ್ನಡಕ ಒಂದನ್ನು ಬಿಟ್ಟರೆ ಬರಿಮೈಯಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಇಳಿದ ಎದೆ, ಹೊಟ್ಟೆ ಯಾವುದಕ್ಕೂ ರಿಯಾಯಿತಿ ಇಲ್ಲ. ಕೆನ್ನೆ ಮಾತ್ರ ಕೆಂಪಗಿದೆ. ನಾಚಿಕೆಯೇ ಎಂದು ಕೇಳುವವರಿಗೆ ಆಕೆಯೇ ಕಾರಣ ಹೇಳಿಟ್ಟಿದ್ದಾರೆ: ಚಿತ್ರ ಬರೆಯುವಾಗ ಪಟ್ಟ ಪಾಡು ಅಷ್ಟಿತ್ತಂತೆ.