ಜನನ ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಸುವ ಮಹನೀಯರಿಗೆ

ಈಗಷ್ಟೇ ಸ್ನೇಹಿತರೊಬ್ಬರು ಮಗಳ ಜನನ ಪ್ರಮಾಣಪತ್ರವನ್ನು ಹೆಮ್ಮೆಯಿಂದ ನನ್ನ ಕೈಗಿಟ್ಟರು. ನೋಡಿ ಹೊಟ್ಟೆ ಉರಿಯಿತು. ಅಸಲು ಪ್ರತಿಗೇ ಲ್ಯಾಮಿನೇಷನ್! "ಇನ್ನು ನೂರು ವರ್ಷ ಏನೂ ಆಗುವುದಿಲ್ಲ ಬಿಡಿ" ಎಂದರು. ಆಗಬೇಕಾದದ್ದು ಆಗಲೇ ಆಗಿಹೋಗಿದೆ, ಸ್ವಾಮಿ.

ಕಾಗದಪತ್ರದ ವಿಷಯದಲ್ಲಿ ನನ್ನ ತಿಕ್ಕಲು ನಿಮಗೆಲ್ಲ ಗೊತ್ತೇ ಇದೆ. ಯಾವ ದಾಖಲೆ ಸಿಕ್ಕರೂ ಮೊದಲು ಬೆಳಕಿಗೆ ಹಿಡಿಯುತ್ತೇನೆ, ಆಮೇಲೆ ಓದುತ್ತೇನೆ. ಉಳಿದವರು ನೋಡುವುದು ಮಗುವಿನ ಹೆಸರು, ಹುಟ್ಟಿದ ದಿನ, ಸ್ಥಳ, ತಂದೆ ತಾಯಿಯ ಹೆಸರು, ಅಷ್ಟೇ. ಅಷ್ಟನ್ನು ಯಾರು ಬೇಕಾದರೂ ಟೈಪ್ ಮಾಡಿಯಾರು! ಪತ್ರಕ್ಕೆ ಬೆಲೆ ಬರುವುದು ನೋಂದಣಿ ಸಂಖ್ಯೆ, ನೋಂದಣಿಯಾದ ದಿನಾಂಕ, ನೋಂದಣಾಧಿಕಾರಿಯ ಸಹಿ, ಮೊಹರುಗಳಿಂದ. (ಹುಟ್ಟಿದ ದಿನಕ್ಕೂ ನೋಂದಣಿಯ ದಿನಕ್ಕೂ ವರ್ಷಗಳ ಅಂತರವಿದ್ದರೆ ಹೆಚ್ಚಿನ ಪುರಾವೆ ಕೇಳುವವರಿದ್ದಾರೆ. ಆಗ ಸಿಡುಕಬೇಡಿ.)

ಇನ್ನು ಕಾಗದ. ನಕಲಿಯನ್ನು ಹಿಡಿಯಲೆಂದು ಅದರಲ್ಲಿಡುವ ಲಕ್ಷಣಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ, ನಿಜ. ಆದರೆ ಉಬ್ಬು ಮೊಹರಿದ್ದರೆ ಅದನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಓದುತ್ತದೆ. ಕೆಲವು ಪತ್ರಗಳ ಅಂಚಿನ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಗೆರೆಯಲ್ಲ, ಸಾಲುಗಟ್ಟಿದ ಪುಟಾಣಿ ಅಕ್ಷರಗಳು. ಕೆಲವದರಲ್ಲಿ ಉಜ್ಜಿದರೆ ಬಿಸಿಗೆ ಮಸುಕಾಗಿ, ತಣಿದ ಮೇಲೆ ಮತ್ತೆ ಮೂಡುವ ಶಾಯಿ. ಇಷ್ಟೆಲ್ಲ ಜಾಣತನದ ಮೇಲೆ ನಾವು ಬಿಸಿ ಪ್ಲಾಸ್ಟಿಕ್ ಒತ್ತುತ್ತೇವೆ! ಉಬ್ಬು ಚಪ್ಪಟೆಯಾಗುತ್ತದೆ, ಕಾಗದದ ಒರಟು ಬೆರಳಿಗೆ ಸಿಗುವುದಿಲ್ಲ, ತಿದ್ದಿದ ಜಾಗವಿದ್ದರೂ ಹೊಳಪಿನಡಿ ಮರೆಯಾಗುತ್ತದೆ. ಲ್ಯಾಮಿನೇಷನ್ ಕಂಡೊಡನೆ ಪತ್ರವನ್ನು ವಾಪಸು ತಳ್ಳುವ ಅಧಿಕಾರಿಯನ್ನು ಎಲ್ಲರೂ ಬೈಯುತ್ತಾರೆ. ನಾನಂತೂ ಅವರ ಪಕ್ಷ.

"ಈಗ ಕ್ಯೂಆರ್ ಕೋಡ್ ಇರುತ್ತದಲ್ಲ, ಪ್ಲಾಸ್ಟಿಕ್ ಇದ್ದರೇನು?" ಎಂದು ಕೇಳುವ ಬುದ್ಧಿವಂತರು ಬಂದೇ ಬರುತ್ತಾರೆ. ಇದ್ದರೆ ಸಂತೋಷ. ಹಳೆಯ ಪತ್ರಗಳಲ್ಲಿ ಅದನ್ನು ಎಲ್ಲಿಂದ ತರುತ್ತೀರಿ? ಕೋಡನ್ನೂ ಯಾರು ಬೇಕಾದರೂ ಮುದ್ರಿಸಬಹುದು. ಅದು ತೆರೆಯುವ ಪುಟ ಸರ್ಕಾರದ್ದೋ ಕಳ್ಳರದ್ದೋ ಎಂದು ನೋಡುವ ತಾಳ್ಮೆ ಎಷ್ಟು ಜನರಿಗಿದೆ? ತೇವ, ಹುಳುವಿನ ಭಯವಿದ್ದರೆ ಒಂದು ಬದಿ ತೆರೆದಿರುವ ಪಾರದರ್ಶಕ ಲಕೋಟೆಯಲ್ಲಿಡಿ. ಬೇಕೆಂದಾಗ ಹೊರಗೆ ತೆಗೆಯಬಹುದು, ಮುಟ್ಟಬಹುದು.

ಆಗಲೇ ಹೊದಿಸಿಬಿಟ್ಟವರು ಬ್ಲೇಡು ಹಿಡಿದು ಕೆರೆಯಲು ಹೋಗಬೇಡಿ, ಅಕ್ಷರವೂ ಕಿತ್ತುಬಂದೀತು. ಮೂಲ ನಮೂದು ನೋಂದಣಿ ಕಚೇರಿಯ ದಾಖಲೆಯಲ್ಲಿರುತ್ತದೆ. ಅರ್ಜಿ ಹಾಕಿ ಹೊಸ ದೃಢೀಕೃತ ಪ್ರತಿ ಪಡೆಯಿರಿ. ಅದು ಕೈಗೆ ಬಂದ ದಿನ ಲ್ಯಾಮಿನೇಷನ್ ಯಂತ್ರವಿರುವ ದಿಕ್ಕಿಗೂ ತಲೆ ಹಾಕಬೇಡಿ.