ಸಿಟ್ಟು ಹೊರಹಾಕಿದರೆ ಇಳಿಯುತ್ತದೆಯೇ? ಸತ್ಯಾಂಶ

‘ಕೆಲಸದ ಜಾಗದಲ್ಲಿ ಸಿಟ್ಟು ಬಂದರೆ ಕೂಗಾಡಿಬಿಡಿ, ಒಳಗಿಟ್ಟುಕೊಂಡರೆ ಹೃದಯಾಘಾತ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಲಬುರಗಿಯ ನಮ್ಮ ಗುಂಪಿಗೂ ಬಂತು. ಇದು ನಿಜವಲ್ಲ.

2002ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್, ಕೆರಳಿದ್ದ ವಿದ್ಯಾರ್ಥಿಗಳ ಕೈಗೆ ಗುದ್ದುವ ಚೀಲ ಕೊಟ್ಟರು. ಕೆರಳಿಸಿದವನನ್ನೇ ನೆನೆಯುತ್ತ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು. 2024ರಲ್ಲಿ 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಸಿಟ್ಟು ಇಳಿಸಿದ್ದು ದೀರ್ಘ ಉಸಿರಾಟ, ಧ್ಯಾನದಂಥ ಮೈ ತಣಿಸುವ ಕ್ರಮಗಳೇ. ಓಟದಿಂದಲೂ ಇಳಿಯಲಿಲ್ಲ. ಹೃದಯಾಘಾತದ ಅಪಾಯ ಏರುವುದು ಸಿಟ್ಟು ಸ್ಫೋಟಿಸಿದ ನಂತರದ ಎರಡು ಗಂಟೆಗಳಲ್ಲಿ. ಹೃದ್ರೋಗಿಗಳು ಈ ಸಂದೇಶ ನಂಬಿಬಿಟ್ಟಾರೆಂಬುದೇ ನನ್ನ ಆತಂಕ.

ಹಾಗೆಂದು ನುಂಗಿಕೊಂಡು ಕೂರಬೇಕಿಲ್ಲ. ಮೇ ತಿಂಗಳ ಉರಿಬಿಸಿಲಿನಲ್ಲಿ ಇಲ್ಲಿನ ಬೇಳೆ ಮಿಲ್ಲೊಂದರಲ್ಲಿ ತೊಗರಿ ಚೀಲದ ತೂಕಕ್ಕೆ ಹಮಾಲರಿಗೂ ಗುಮಾಸ್ತನಿಗೂ ಜಟಾಪಟಿಯಾಯಿತು. ಗುಮಾಸ್ತನ ದನಿ ಏರಿತ್ತು, ಕೈ ನಡುಗುತ್ತಿತ್ತು. ಅವನು ಹೊರಗೆ ನಡೆದು, ಬೇವಿನ ನೆರಳಿನಲ್ಲಿ ಒಂದು ಚೊಂಬು ನೀರು ಕುಡಿದು, ಹತ್ತು ನಿಮಿಷಕ್ಕೆ ಮರಳಿದ. “ಕಾಕಾ, ಇನ್ನೊಮ್ಮೆ ತೂಗೋಣ. ನೀವೇ ಮುಳ್ಳು ನೋಡಿ” ಎಂದ.