ಪರ–ವಿರೋಧ: ಫಾರ್ಮಸಿ ಓದುವ ಎಲ್ಲರಿಗೂ ಲ್ಯಾಬ್ ಸಂಶೋಧನೆ ಕಡ್ಡಾಯ ಬೇಕಾ?

ಔಷಧ ದೇಹದೊಳಗೆ ಹೋದ ಮೇಲೆ ಯಾವ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ, ಯಾವುದನ್ನು ತಡೆಯುತ್ತದೆ, ಯಕೃತ್ತು ಅದನ್ನು ಹೇಗೆ ಒಡೆದು ಹೊರಗೆ ಕಳಿಸುತ್ತದೆ? ಫಾರ್ಮಾಸ್ಯುಟಿಕಲ್ ಬಯೋಕೆಮಿಸ್ಟ್ರಿ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಇದನ್ನು ಓದುವವರೆಲ್ಲ ಪ್ರಾಕ್ಟಿಕಲ್ ಕ್ಲಾಸ್ ಮಾಡಿಯೇ ಇರುತ್ತಾರೆ. ಆದರೆ ಪ್ರಾಕ್ಟಿಕಲ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಸಂಶೋಧನೆಯಲ್ಲಿ ಗೈಡ್‌ಗೂ ಗೊತ್ತಿರುವುದಿಲ್ಲ. ಪದವಿ ಮುಗಿಯುವ ಮೊದಲು ಪ್ರತಿಯೊಬ್ಬರೂ ಒಂದು ಸೆಮಿಸ್ಟರ್ ಅಂಥ ಸಂಶೋಧನೆ ಮಾಡಲೇಬೇಕು ಎಂಬ ನಿಯಮ ಸರಿಯಾ? ಎರಡೂ ಕಡೆಯ ವಾದ ಕೆಳಗಿದೆ. ಎರಡನ್ನೂ ಬರೆದವನು ನಾನೇ. ಯಾವುದನ್ನು ಬರೆಯುವಾಗ ನನಗೆ ಜಾಸ್ತಿ ಹುರುಪು ಬಂತು ಎಂಬುದನ್ನು ಮುಚ್ಚಿಡಲು ಹೋಗಿಲ್ಲ.

ಪರ: ಸಂಖ್ಯೆ ಹೇಗೆ ಹುಟ್ಟುತ್ತದೆ ಎಂದು ಎಲ್ಲರೂ ನೋಡಲಿ

ಪ್ರಾಕ್ಟಿಕಲ್ ಕ್ಲಾಸಿನ ಗುಟ್ಟು ಎಲ್ಲರಿಗೂ ಗೊತ್ತು. ಬಣ್ಣ ಬರಬೇಕಾದ ಕಡೆ ಬರದಿದ್ದರೆ ಪಕ್ಕದವರ ರೀಡಿಂಗ್ ಬರೆದುಕೊಂಡರೆ ಆಯಿತು. ಗ್ರಾಫಿನಲ್ಲಿ ಗೆರೆ ನೆಟ್ಟಗೆ ಬರಲಿಲ್ಲವೇ, ಎರಡು ಚುಕ್ಕಿ ಅಳಿಸಿದರೆ ಬರುತ್ತದೆ. ಉತ್ತರ ಮೊದಲೇ ಗೊತ್ತಿರುವ ಕಡೆ ಇದನ್ನು ತಡೆಯುವುದು ಕಷ್ಟ. ಬೇರೆ ಉತ್ತರ ಬಂದರೆ ಅದು ತನ್ನ ತಪ್ಪು ಎಂದೇ ವಿದ್ಯಾರ್ಥಿ ತಿಳಿಯುತ್ತಾನೆ. ಕಿಣ್ವ ಬೇರೇನೋ ಹೇಳುತ್ತಿರಬಹುದು ಎಂಬ ಅನುಮಾನ ಹತ್ತಿರವೂ ಸುಳಿಯುವುದಿಲ್ಲ.

ಈಗ ಉತ್ತರ ಗೊತ್ತಿಲ್ಲದ ಕೆಲಸ ಕೊಟ್ಟು ನೋಡಿ. ಆಲ್ಫಾ-ಗ್ಲುಕೋಸಿಡೇಸ್ ಎಂಬ ಕಿಣ್ವ ಸಣ್ಣ ಕರುಳಿನಲ್ಲಿ ಪಿಷ್ಟದ ಚೂರುಗಳನ್ನು ಗ್ಲೂಕೋಸ್ ಆಗಿ ಒಡೆಯುತ್ತದೆ. ಇದನ್ನು ತಡೆದರೆ ಊಟದ ನಂತರ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಅಕಾರ್ಬೋಸ್ ಮಾತ್ರೆ ಮಾಡುವುದು ಇದನ್ನೇ. ಲ್ಯಾಬಿನಲ್ಲಿ ಪರೀಕ್ಷೆ ಸುಲಭ. ಕಿಣ್ವಕ್ಕೆ ಪಿಎನ್‌ಪಿಜಿ ಎಂಬ ಕೃತಕ ಪದಾರ್ಥ ಕೊಡುತ್ತಾರೆ. ಅದು ಒಡೆದಾಗ ಹಳದಿ ಬಣ್ಣ ಬರುತ್ತದೆ. ಅದನ್ನು 405 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ವಿದ್ಯಾರ್ಥಿನಿ ಒಂದು ಎಲೆಯ ಸಾರ ಹಾಕುತ್ತಾಳೆ. ಹಳದಿ ಕಡಿಮೆ ಆಗುತ್ತದೆ. ಲೆಕ್ಕ ಹಾಕಿದರೆ ಅಕಾರ್ಬೋಸ್‌ಗಿಂತ ಎಲೆಯ ಸಾರವೇ ಜೋರು! ಖುಷಿ ಆಗದೆ ಇರುತ್ತದಾ?

ನಿಜವಾದ ಪಾಠ ಶುರುವಾಗುವುದು ಇಲ್ಲಿಂದ. ಸಾರಕ್ಕೇ ಒಂದು ಬಣ್ಣ ಇದೆಯಲ್ಲ, ಅದಕ್ಕೆ ಬೇರೆ ಬ್ಲ್ಯಾಂಕ್ (ಕಿಣ್ವ ಇಲ್ಲದೆ ಸಾರ ಮಾತ್ರ ಇರುವ ಹೋಲಿಕೆಯ ಕೊಳವೆ) ಇಟ್ಟೆಯಾ? ಎಲೆಯಲ್ಲಿ ಟ್ಯಾನಿನ್ ಇದ್ದರೆ ಅದು ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಹಾಗಿರುವಾಗ ಈ ಕಿಣ್ವವನ್ನೇ ಗುರಿಯಿಟ್ಟು ತಡೆದಿದೆ ಎಂದು ಹೇಗೆ ಹೇಳುತ್ತೀಯ? ಒಂದಿಷ್ಟು ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್ ಹಾಕಿ ನೋಡು. ತಡೆ ಮಾಯವಾದರೆ ಅಣುಗಳು ಗುಂಪುಗಟ್ಟಿ ಕಿಣ್ವವನ್ನು ಹಿಡಿದಿಟ್ಟಿದ್ದವು ಅಂತ ಅನುಮಾನಿಸಬೇಕು. ಕೊನೆಗೆ ಇನ್ನೊಂದು ಪ್ರಶ್ನೆ: ಬಾಟಲಿಯ ಲೇಬಲ್ ಓದಿದೆಯಾ? ಲ್ಯಾಬುಗಳು ಸಾಮಾನ್ಯವಾಗಿ ಕೊಳ್ಳುವುದು ಯೀಸ್ಟ್‌ನಿಂದ ತೆಗೆದ ಕಿಣ್ವ. ಅಕಾರ್ಬೋಸ್ ಸಸ್ತನಿಗಳ ಕರುಳಿನ ಕಿಣ್ವವನ್ನು ಚೆನ್ನಾಗಿ ತಡೆಯುತ್ತದೆ. ಯೀಸ್ಟ್ ಕಿಣ್ವದ ಮುಂದೆ ಅದು ತೀರಾ ದುರ್ಬಲ. ಎಲೆ ಗೆದ್ದಿದ್ದಲ್ಲ, ಅಕಾರ್ಬೋಸನ್ನು ತಪ್ಪು ಅಖಾಡದಲ್ಲಿ ನಿಲ್ಲಿಸಿದ್ದು.

ಇದನ್ನು ಪಾಠದಲ್ಲಿ ಹೇಳಿದರೆ ತಲೆ ಆಡಿಸಿ ಮರೆಯುತ್ತಾರೆ. ತಾವೇ ಎರಡು ತಿಂಗಳು ಪೈಪೆಟ್ ಹಿಡಿದು ಪಡೆದ ಸಂಖ್ಯೆ ಕೈಜಾರಿ ಹೋದರೆ ಮರೆಯುವುದಿಲ್ಲ. ಐಸಿ50 ವಿಷಯವೂ ಹಾಗೇ. ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸುವ ಪ್ರಮಾಣ ಅದು. ಕಿಣ್ವದ ಜಾಗಕ್ಕಾಗಿ ಪೈಪೋಟಿ ಮಾಡುವ ಔಷಧವಾದರೆ, ಕಿಣ್ವ ಒಡೆಯುವ ಪದಾರ್ಥವನ್ನು ಎದುರಿಗೆ ಎಷ್ಟು ಹಾಕಿದ್ದೀರಿ ಎಂಬುದರ ಮೇಲೆ ಈ ಸಂಖ್ಯೆ ಏರಿಳಿಯುತ್ತದೆ. ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಕೊಟ್ಟ, ಕಿಣ್ವದ ವೇಗ ಲೆಕ್ಕ ಹಾಕುವ ಸಮೀಕರಣದ ಬೆನ್ನು ಹಿಡಿದರೆ ಇದು ತಾನಾಗಿ ಸಿಗುತ್ತದೆ. ಆದರೂ ಒಂದೇ ಔಷಧಕ್ಕೆ ಎರಡು ತಂಡಗಳಿಗೆ ಎರಡು ಬೇರೆ ಐಸಿ50 ಬಂದು ಜಗಳ ಆದಾಗಲೇ ಇದು ತಲೆಗೆ ಹೋಗುವುದು.

ಎಲ್ಲರೂ ಸಂಶೋಧಕರಾಗುವುದಿಲ್ಲ, ಸರಿ. ಹೆಚ್ಚಿನವರು ಔಷಧದ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಇರುತ್ತಾರೆ. ಅವರ ಮುಂದೆ ದಿನವೂ ಒಂದಲ್ಲ ಒಂದು 'ಅಧ್ಯಯನ ಹೇಳಿದೆ' ಬರುತ್ತದೆ. ಅರಿಶಿನದ ಕರ್ಕ್ಯುಮಿನ್ ನೋಡಿ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅದು ಮಾಡದ ಪವಾಡವೇ ಇಲ್ಲ. ಬಾಯಲ್ಲಿ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜತೆಗೆ ಅದು ಅನೇಕ ಪರೀಕ್ಷೆಗಳನ್ನೇ ದಾರಿ ತಪ್ಪಿಸುವ ಅಣು. ಔಷಧ ರಸಾಯನ ತಜ್ಞರು 2017ರ ಒಂದು ವಿಮರ್ಶೆಯಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಒಮ್ಮೆಯಾದರೂ ಇಂಥ ಪರೀಕ್ಷೆ ಮಾಡಿದವರು 'ಯಾವ ಪ್ರಮಾಣದಲ್ಲಿ? ಅಷ್ಟು ರಕ್ತದಲ್ಲಿ ಸಿಗುತ್ತದಾ?' ಎಂದು ಕೇಳಿಯೇ ಕೇಳುತ್ತಾರೆ.

ಇನ್ನು ವಿದ್ಯಾರ್ಥಿಗಳಿಂದ ಏನಾದೀತು ಎನ್ನುವವರಿಗೆ ಇತಿಹಾಸ ಉತ್ತರ ಕೊಟ್ಟಿದೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತಹ ಕೋಶಗುಂಪುಗಳನ್ನು ವಿವರಿಸಿದಾಗ ಇನ್ನೂ ವಿದ್ಯಾರ್ಥಿ. ಅದೇ ದ್ವೀಪಗಳಿಂದ ಬರುವ ಇನ್ಸುಲಿನ್ನನ್ನು 1921ರಲ್ಲಿ ಟೊರಾಂಟೊದಲ್ಲಿ ವೈದ್ಯ ಬ್ಯಾಂಟಿಂಗ್ ಜತೆ ಹೊರತೆಗೆದ ಚಾರ್ಲ್ಸ್ ಬೆಸ್ಟ್ ಆಗಷ್ಟೇ ಪದವಿ ಮುಗಿಸಿದ್ದ ಹುಡುಗ. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಜೇ ಮೆಕ್ಲೀನ್ ರಕ್ತ ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಿದ್ದರು. ಯಕೃತ್ತಿನಿಂದ ತೆಗೆದದ್ದು ಉಲ್ಟಾ ಹೆಪ್ಪುಗಟ್ಟದಂತೆ ತಡೆಯಿತು. 1916ರ ಆ ವರದಿಯಿಂದಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಹೆಪಾರಿನ್ ಕಥೆ ಶುರು. ಉತ್ತರ ಗೊತ್ತಿದ್ದ ಪ್ರಾಕ್ಟಿಕಲ್ ಆಗಿದ್ದರೆ ಅದು 'ಪ್ರಯೋಗ ಸರಿಯಾಗಲಿಲ್ಲ' ಎಂದು ಮುಗಿದುಹೋಗುತ್ತಿತ್ತು.

ಹಳೆಯ ಕಾಲದ ಮಾತು ಬೇಡ ಅಂದರೆ 2008ರಲ್ಲಿ ಅಮೆರಿಕದಲ್ಲಿ ಶುರುವಾದ ಸೀ-ಫೇಜಸ್ ಕಾರ್ಯಕ್ರಮ ಇದೆ. ಮೊದಲ ವರ್ಷದ ವಿದ್ಯಾರ್ಥಿಗಳು ಮಣ್ಣು ತಂದು ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ಸುಗಳನ್ನು, ಅಂದರೆ ಫೇಜ್‌ಗಳನ್ನು, ಹುಡುಕುತ್ತಾರೆ. 2010ರಲ್ಲಿ ದಕ್ಷಿಣ ಆಫ್ರಿಕಾದ ಒಬ್ಬ ವಿದ್ಯಾರ್ಥಿನಿಗೆ ಕೊಳೆತ ಬದನೆಕಾಯಿಯಲ್ಲಿ ಒಂದು ಸಿಕ್ಕಿತು. ಹೆಸರು ಮಡ್ಡಿ. 2019ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಲಂಡನ್ನಿನಲ್ಲಿ ಶ್ವಾಸಕೋಶ ಕಸಿಯ ನಂತರ ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಸೋಂಕಿಗೆ ಸಿಕ್ಕಿದ್ದ 15 ವರ್ಷದ ಹುಡುಗಿಗೆ ಕೊಟ್ಟ ಮೂರು ಫೇಜ್‌ಗಳಲ್ಲಿ ಅದೂ ಒಂದು. ಸೋಂಕು ಬಹಳಮಟ್ಟಿಗೆ ಹತೋಟಿಗೆ ಬಂತು.

ಸರಿ, ಬೇಕಾದವರು ಮಾಡಲಿ, ಕಡ್ಡಾಯ ಯಾಕೆ? ಐಚ್ಛಿಕ ಎಂದರೆ ಯಾರು ಮಾಡುತ್ತಾರೆ ಯೋಚಿಸಿ. ಪ್ರೊಫೆಸರ್ ಕೋಣೆಯ ಬಾಗಿಲು ತಟ್ಟುವ ಧೈರ್ಯ ಇರುವವರು, ರಜೆಯಲ್ಲಿ ಸಂಪಾದನೆಗೆ ಹೋಗಬೇಕಿಲ್ಲದವರು, ಮನೆಯಲ್ಲಿ ಯಾರಾದರೂ ಈ ದಾರಿ ಕಂಡವರು. ಉಳಿದವರಿಗೆ ತಮಗೆ ಇದು ಇಷ್ಟವೋ ಇಲ್ಲವೋ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ.

ವಿರೋಧ: ಕಡ್ಡಾಯ ಮಾಡಿದ ದಿನವೇ ಅದು ಸಂಶೋಧನೆ ಆಗಿ ಉಳಿಯುವುದಿಲ್ಲ

ಯೀಸ್ಟ್ ಕಿಣ್ವದ ಉದಾಹರಣೆ ಚೆನ್ನಾಗಿದೆ. ಆದರೆ ಅದರಲ್ಲಿ ಒಬ್ಬರು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದಾರೆ, ಗಮನಿಸಿದಿರಾ? ಬ್ಲ್ಯಾಂಕ್ ಇಟ್ಟೆಯಾ, ಲೇಬಲ್ ಓದಿದೆಯಾ ಎಂದು ಕೇಳಿದ್ದು ವಿದ್ಯಾರ್ಥಿನಿ ಅಲ್ಲ. ಆ ವ್ಯಕ್ತಿ ಇಲ್ಲದಿದ್ದರೆ 'ಅಕಾರ್ಬೋಸ್‌ಗಿಂತ ಪ್ರಬಲ' ಎಂದೇ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಆಗುತ್ತದೆ. ಅದೃಷ್ಟ ಕೆಟ್ಟರೆ ಯಾವುದೋ ಜರ್ನಲ್‌ನಲ್ಲಿ ಅಚ್ಚೂ ಆಗುತ್ತದೆ. ಹೀಗೆ ಕೇಳಬಲ್ಲವರು ಯಾವ ವಿಭಾಗದಲ್ಲೂ ಕೈಬೆರಳಿನಷ್ಟೇ. ಅವರ ಮುಂದೆ ಇಡೀ ಬ್ಯಾಚ್ ನಿಲ್ಲಿಸಿದರೆ ಒಬ್ಬೊಬ್ಬರಿಗೆ ವಾರಕ್ಕೆ ಹತ್ತು ನಿಮಿಷವೂ ಸಿಗುವುದಿಲ್ಲ.

ಆಗ ಏನಾಗುತ್ತದೆ? ಎಲ್ಲರೂ ಒಂದೇ ಸಿದ್ಧ ದಾರಿ ಹಿಡಿಯುತ್ತಾರೆ. ಒಂದು ಗಿಡ, ಒಂದು ದ್ರಾವಕ, ಡಿಪಿಪಿಎಚ್, ಎಂಟಿಟಿ, ಐಸಿ50, ಮುಗಿಯಿತು. ಮುಂದಿನ ವರ್ಷ ಬೇರೆ ಗಿಡ. ಆಂಟಿಆಕ್ಸಿಡೆಂಟ್ ಗುಣ ಅಳೆಯಲು ಬಳಸುವ ಡಿಪಿಪಿಎಚ್ ಒಂದು ನೇರಳೆ ಬಣ್ಣದ ಫ್ರೀ ರ‍್ಯಾಡಿಕಲ್. ದೇಹದಲ್ಲಿ ಎಲ್ಲೂ ಇರದ ವಸ್ತು. ಎಲೆಯ ಸಾರಗಳಲ್ಲಿ ಫೀನಾಲಿಕ್ ಪದಾರ್ಥ ಇದ್ದೇ ಇರುತ್ತದೆ, ಹಾಗಾಗಿ ನೇರಳೆ ಹಳದಿಗೆ ತಿರುಗಿಯೇ ತಿರುಗುತ್ತದೆ. ಫಲಿತಾಂಶ ಮೊದಲೇ ಗೊತ್ತು. ಮತ್ತೆ ಪ್ರಾಕ್ಟಿಕಲ್ ಕ್ಲಾಸೇ ಆಯಿತಲ್ವಾ!

ಎಂಟಿಟಿ ಇನ್ನೂ ಮೋಸದ್ದು. 1983ರಿಂದ ಬಳಕೆಯಲ್ಲಿರುವ ಪರೀಕ್ಷೆ, ಒಳ್ಳೆಯದೇ. ಬದುಕಿರುವ ಕೋಶಗಳು ಹಳದಿ ಪದಾರ್ಥವನ್ನು ನೇರಳೆ ಫಾರ್ಮಜಾನ್ ಆಗಿ ಮಾಡುತ್ತವೆ. ನೇರಳೆ ಜಾಸ್ತಿ ಇದ್ದರೆ ಜೀವಂತ ಕೋಶ ಜಾಸ್ತಿ ಎಂದು ಲೆಕ್ಕ. ತೊಂದರೆ ಏನೆಂದರೆ, ಅನೇಕ ಸಸ್ಯಸಾರಗಳು ಕೋಶದ ಹಂಗಿಲ್ಲದೆ ತಾವೇ ಈ ಕೆಲಸ ಮಾಡುತ್ತವೆ. ಕೋಶ ಸತ್ತಿದ್ದರೂ ಬಾವಿ (ಪ್ಲೇಟಿನಲ್ಲಿ ಕೋಶ ಬೆಳೆಸುವ ಪುಟ್ಟ ಗುಳಿ) ನೇರಳೆ. ಇದನ್ನು ಹಿಡಿಯಲು ಕೋಶವೇ ಇಲ್ಲದ ಬಾವಿಗಳಲ್ಲಿ ಸಾರ ಹಾಕಿ ನೋಡಬೇಕು. ಕೋಶಗಳಿಗೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ತಗುಲಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಡಿಎಂಎಸ್‌ಒ ಎಂಬ ದ್ರಾವಕ ಮಾತ್ರವೇ ಹಾಕಿದ ಕಂಟ್ರೋಲ್, ಅಂದರೆ ಹೋಲಿಕೆಯ ಬಾವಿ, ಇರಬೇಕು. ಬೇರೆ ಬೇರೆ ದಿನ, ಹೊಸ ಕೋಶಗಳಲ್ಲಿ, ಇಡೀ ಪ್ರಯೋಗ ಮತ್ತೆ ಮಾಡಬೇಕು. ಸೆಮಿಸ್ಟರ್‌ನಲ್ಲಿ ಅಷ್ಟು ದಿನ ಎಲ್ಲಿದೆ? ಕೋಶಗಳನ್ನು ಫ್ರೀಜರ್‌ನಿಂದ ತೆಗೆದು ಸರಿಯಾಗಿ ಬೆಳೆಯುವಂತೆ ಮಾಡುವುದರಲ್ಲೇ ವಾರಗಳು ಹೋಗುತ್ತವೆ. ಕೊನೆಗೆ ಒಂದೇ ಪ್ಲೇಟಿನ ಮೂರು ಬಾವಿಗಳನ್ನು ಮೂರು ಪ್ರಯೋಗ ಎಂದು ಬರೆಯುತ್ತಾರೆ. ಪರೀಕ್ಷಕರೂ ಕೇಳುವುದಿಲ್ಲ.

ಇದಕ್ಕೆ ಅಂಕ ಬೇರೆ ಸೇರುತ್ತದೆ. 'ಸಾರಕ್ಕೆ ಯಾವ ಪರಿಣಾಮವೂ ಇಲ್ಲ' ಎಂದು ವೈವಾದಲ್ಲಿ ಹೇಳುವ ಧೈರ್ಯ ಯಾರಿಗಿದೆ? ಪಕ್ಕದವರ ರೀಡಿಂಗ್ ನಕಲು ಮಾಡುತ್ತಾರೆ ಎಂಬುದು ಪರ ವಾದದವರ ದೂರು. ಇಲ್ಲಿ ನಕಲು ಮಾಡಲು ಪಕ್ಕದವರೂ ಬೇಕಿಲ್ಲ, ಕೂತು ಬರೆದರೆ ಆಯಿತು. ಪೂರ್ಣಾವಧಿ ವಿಜ್ಞಾನಿಗಳ ಪರಿಸ್ಥಿತಿಯೇ ಹೇಗಿದೆ ನೋಡಿ. ಕ್ಯಾನ್ಸರ್ ಸಂಶೋಧನೆಯ 53 ಮುಖ್ಯ ಲೇಖನಗಳನ್ನು ಆಮ್ಜೆನ್ ಔಷಧ ಕಂಪನಿಯ ವಿಜ್ಞಾನಿಗಳು ಮತ್ತೆ ಮಾಡಿ ನೋಡಿದಾಗ ಗಟ್ಟಿಯಾಗಿ ನಿಂತದ್ದು 6 ಮಾತ್ರ. 2012ರಲ್ಲಿ ಇದು 'ನೇಚರ್'ನಲ್ಲಿ ಬಂತು. ಆ ರಾಶಿಗೆ ಇನ್ನಷ್ಟು ಅರೆಬೆಂದ ಸಂಖ್ಯೆಗಳನ್ನು ಸುರಿಯುವುದು ಯಾರಿಗೆ ಬೇಕು?

ಇತಿಹಾಸದ ಮಾತಿಗೆ ಬರೋಣ. ಮೆಕ್ಲೀನ್‌ರನ್ನು ಯಾರೂ ಕಡ್ಡಾಯ ಮಾಡಿ ಲ್ಯಾಬಿಗೆ ತಳ್ಳಿರಲಿಲ್ಲ, ಇಷ್ಟಪಟ್ಟು ಬಂದವರು. ಅವರು ಕಂಡದ್ದು ಕೊಬ್ಬಿನ ಜಾತಿಯ ವಸ್ತು. ಇವತ್ತು ಚುಚ್ಚುವ ಹೆಪಾರಿನ್ ನೀರಿನಲ್ಲಿ ಕರಗುವ ಕಾರ್ಬೋಹೈಡ್ರೇಟ್. ಅಲ್ಲಿಂದ ಇಲ್ಲಿಗೆ ಬರಲು ಅವರ ಗುರು ವಿಲಿಯಂ ಹೋವೆಲ್ ಮತ್ತು ಇತರರ ವರ್ಷಗಳ ಕೆಲಸ ಬೇಕಾಯಿತು. ರೋಗಿಗಳಿಗೆ ಕೊಡುವಷ್ಟು ಶುದ್ಧವಾದದ್ದು 1930ರ ದಶಕದಲ್ಲಿ. ತಮಾಷೆ ಎಂದರೆ ಅದರಲ್ಲೂ ಬೆಸ್ಟ್ ಅವರ ತಂಡ ಇತ್ತು, ಆದರೆ ಆಗ ಅವರು ವಿದ್ಯಾರ್ಥಿ ಆಗಿರಲಿಲ್ಲ. ಇನ್ನೊಂದು ಹೆಸರನ್ನು ಪರ ವಾದ ಬಿಟ್ಟಿದೆ: ಆಲ್ಬರ್ಟ್ ಶಾಟ್ಸ್. 1943ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ರಟ್ಗರ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಾ ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ತಮ್ಮ ಪಾಲಿಗಾಗಿ 1950ರಲ್ಲಿ ಗುರುವಿನ ಮೇಲೆ ಕೋರ್ಟಿಗೆ ಹೋಗಬೇಕಾಯಿತು. ರಾಜಿಯಲ್ಲಿ ಸಹ-ಸಂಶೋಧಕ ಎಂದು ಒಪ್ಪಿದರು. 1952ರ ನೊಬೆಲ್ ಮಾತ್ರ ಗುರು ವಾಕ್ಸ್‌ಮನ್ ಒಬ್ಬರಿಗೇ. ವಿದ್ಯಾರ್ಥಿಯ ಕೈ ಅಗ್ಗದ ಕೈ ಎಂಬ ಲೆಕ್ಕ ಲ್ಯಾಬುಗಳಲ್ಲಿ ಹೊಸದಲ್ಲ. ಕಡ್ಡಾಯ ಮಾಡಿದರೆ ಆ ಕೈಗಳು ಪುಕ್ಕಟೆ ಸಿಗುತ್ತವೆ, ಬಿಟ್ಟು ಹೋಗುವ ಹಾಗೂ ಇಲ್ಲ.

ಮಡ್ಡಿ ಫೇಜ್ ಬಗ್ಗೆ ನನಗೆ ತಕರಾರಿಲ್ಲ, ಅದ್ಭುತವೇ. ಆದರೆ ಆ ಕಾರ್ಯಕ್ರಮದಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿಷಯ ಕೊಟ್ಟು ಕೈಬಿಡುವುದಿಲ್ಲ. ಎಲ್ಲರಿಗೂ ಒಂದೇ ವಿಧಾನ, ಮೊದಲು ಅಧ್ಯಾಪಕರಿಗೇ ತರಬೇತಿ, ಸಿಕ್ಕಿದ್ದನ್ನು ಕಾಪಿಡಲು ಒಂದು ಕೇಂದ್ರ. ಲಂಡನ್ನಿನ ಹುಡುಗಿಗೆ ಕೊಟ್ಟ ಉಳಿದ ಎರಡು ಫೇಜ್‌ಗಳ ವಂಶವಾಹಿಗಳನ್ನು ತಿದ್ದಿದ್ದು ಪಿಟ್ಸ್‌ಬರ್ಗ್‌ನ ಪರಿಣತರು. ಅಂದರೆ ಅದು ಚೆನ್ನಾಗಿ ಕಟ್ಟಿದ ಒಂದು ಪ್ರಾಕ್ಟಿಕಲ್ ಕೋರ್ಸು. ಅಂಥದ್ದು ಬರಲಿ, ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಅಪಾಯದ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 2008ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರ ಲ್ಯಾಬಿನಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯ ಸಿರಿಂಜಿನಿಂದ ಗಾಳಿ ತಾಗಿದರೆ ಹೊತ್ತಿಕೊಳ್ಳುವ ರಾಸಾಯನಿಕ ಚೆಲ್ಲಿತು. ಲ್ಯಾಬ್ ಕೋಟ್ ಹಾಕಿರಲಿಲ್ಲ. ಜನವರಿಯಲ್ಲಿ ತೀರಿಕೊಂಡರು. ಅವರು ಆಗಲೇ ರಸಾಯನಶಾಸ್ತ್ರದ ಪದವೀಧರೆ, ತಾವೇ ಆರಿಸಿಕೊಂಡ ಕೆಲಸ. ಮನಸ್ಸಿಲ್ಲದೆ ಬಂದ ವಿದ್ಯಾರ್ಥಿ ಇನ್ನೆಷ್ಟು ಎಚ್ಚರ ವಹಿಸಿಯಾನು?

ನನ್ನನ್ನು ಜಾಸ್ತಿ ಕಾಡುವುದು ಇಲಿಗಳು. ಔಷಧ ಪರೀಕ್ಷೆಯ ಪ್ರಾಜೆಕ್ಟುಗಳಲ್ಲಿ ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿ ಇಲಿಗಳಿಗೆ ಸಕ್ಕರೆ ಕಾಯಿಲೆ ತರಿಸುತ್ತಾರೆ. ಸಾರ ಕುಡಿಸುತ್ತಾರೆ. ಕೊನೆಗೆ ಕೊಲ್ಲುತ್ತಾರೆ. ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು: ಪ್ರಾಣಿಗೆ ಬದಲಿ ಹುಡುಕಿ, ಸಂಖ್ಯೆ ಇಳಿಸಿ, ನೋವು ಕಡಿಮೆ ಮಾಡಿ. ಏನೂ ಸಾಬೀತು ಮಾಡಲಾಗದಷ್ಟು ಚಿಕ್ಕ ಗುಂಪುಗಳಲ್ಲಿ, ಯಾರೂ ಓದದ ರಿಪೋರ್ಟಿಗಾಗಿ, ಪ್ರತಿ ಬ್ಯಾಚ್‌ಗೂ ಇದನ್ನು ಮಾಡಿಸುವುದು ಆ ಮೂರಕ್ಕೂ ಉಲ್ಟಾ.

ಬಾಗಿಲು ತಟ್ಟುವ ಧೈರ್ಯ ಎಲ್ಲರಿಗೂ ಇರುವುದಿಲ್ಲ ಎಂಬ ವಾದವೊಂದೇ ನನಗೆ ಉತ್ತರಿಸಲು ಕಷ್ಟವಾದದ್ದು. ಅದು ನಿಜ. ಅದಕ್ಕೆ ಬಾಗಿಲು ತೆರೆದಿಡಬೇಕು: ಹೆಸರು ಕೊಟ್ಟವರಿಗೆಲ್ಲ ಜಾಗ, ರಜೆಯ ಕೆಲಸಕ್ಕೆ ಸಂಬಳ. ಉಳಿದವರಿಗೆ ಪ್ರಕಟವಾದ ಲೇಖನವೊಂದರ ಒಂದೇ ಒಂದು ಗ್ರಾಫ್ ಕೊಟ್ಟು, ಅದು ಮತ್ತೆ ಬರುತ್ತದಾ ನೋಡಿ ಅನ್ನಿ. ಬಾರದಿದ್ದರೆ ಯಾಕೆ ಎಂದು ಬರೆಸಿ. ಸುಮ್ನೆ ಕಡ್ಡಾಯ ಅನ್ನುವವರಿಗೆ ನನ್ನದು ಒಂದೇ ಕೋರಿಕೆ. ಏನೂ ಸಿಗಲಿಲ್ಲ ಎಂದು ಸರಿಯಾದ ಕಂಟ್ರೋಲ್‌ಗಳ ಜತೆ ತೋರಿಸಿದವನಿಗೆ ಪೂರ್ಣ ಅಂಕ ಎಂಬ ನಿಯಮವನ್ನು ಮೊದಲು ತನ್ನಿ. ಅದು ಎರಡು ವರ್ಷ ನಿಜವಾಗಿ ನಡೆದರೆ ಮತ್ತೆ ಮಾತಾಡೋಣ.